ಕೂಸು ಸೊಂಟಕ್ಕೆ ಬಂತು

ಬೀದರ
ಕಾರ್ತಿಕ ಶುದ್ಧ ಪಂಚಮಿ, ಸನ್ 1926

ಭಾಲ್ಕಿಯಲ್ಲಿರುವ ನನ್ನ ಅವ್ವನಿಗೆ ಮಗಳು ರುಕ್ಮಿಣಿಯ ಶರಣು ಶರಣಾರ್ಥಿ.

ಅವ್ವಾ, ಈ ಪತ್ರವನ್ನು ಕುಳಿತುಕೊಂಡು ಬರೆಯುತ್ತಿದ್ದೇನೆ. ಗೋಡೆಗೆ ಒರಗಿಲ್ಲ, ಬೆನ್ನಿಗೆ ದಿಂಬಿಲ್ಲ. ಅಕ್ಷರ ಯಾಕೆ ಸೊಟ್ಟಗಿವೆ ಎಂದು ಹಿಂದೆ ಕೇಳಿದ್ದೆಯಲ್ಲ, ಆ ಪತ್ರಗಳನ್ನೆಲ್ಲ ಮಲಗಿಯೇ ಬರೆದಿದ್ದೆ. ನೀನು ಗಾಬರಿಯಾಗುತ್ತಿ ಎಂದು ಹೇಳಿರಲಿಲ್ಲ.

ಕಸ್ತೂರಿ ಇನ್ನೂ ಎಳೆಗೂಸಾಗಿದ್ದಾಗ ನಾನು ತುಂಬಿದ ಕೊಡದ ಸಮೇತ ಬಾವಿಯ ಮೆಟ್ಟಿಲ ಮೇಲೆ ಜಾರಿಬಿದ್ದೆನಲ್ಲ, ಆ ಬೆನ್ನುನೋವು ಹೋಗಲೇ ಇಲ್ಲ. ಎಲುಬು ಮುರಿದಿಲ್ಲ ಎಂದ ಹಕೀಮರು ಲೇಪ ಕೊಟ್ಟು ಮಲಗಿರಲು ಹೇಳಿದರು. ಮಲಗಿದಷ್ಟೂ ಏಳುವುದು ಕಷ್ಟವಾಯಿತು. ಕೂಸು ತೆವಳಿಕೊಂಡು ಬಂದು ಕೈ ಚಾಚಿದರೆ ಅತ್ತೆಯೇ ಬಂದು ಎತ್ತಿಕೊಳ್ಳಬೇಕಾಗಿತ್ತು. ಬರಬರುತ್ತ ಅದು ನನ್ನ ಕಡೆಗೆ ಕೈ ಚಾಚುವುದನ್ನೇ ಬಿಟ್ಟಿತು.

ಆಗ ಒಂದು ಮುಂಜಾನೆ ಅತ್ತೆ ಹಿಂದಿನ ಓಣಿಯ ಖುರ್ಷಿದ ಬೇಗಂ ಅವರನ್ನು ಕರೆತಂದರು. ಅವರ ತಂದೆ ಕುಸ್ತಿ ತಾಲೀಮಿನ ಉಸ್ತಾದರಾಗಿದ್ದರು. ಬೆನ್ನು ಉಳುಕಿದ ಪೈಲವಾನರನ್ನು ತಂದೆ ಕಸರತ್ತಿನಿಂದ ಎಬ್ಬಿಸುವುದನ್ನು ನೋಡುತ್ತಲೇ ಬೆಳೆದವರು ಇವರು. ನನ್ನ ಹೊಟ್ಟೆಯನ್ನು ಎರಡು ಬೆರಳಿಂದ ಒತ್ತಿ ನೋಡಿ ಹೇಳಿದರು: “ಹೊಟ್ಟಿ ಸಡಿಲಾಗ್ಯಾದ ಬೇಟಿ. ಮುಂದಿನ ಗ್ವಾಡಿ ಗಟ್ಟಿ ಇಲ್ದಿದ್ರ ಹಿಂದಿನ ಗ್ವಾಡಿ ಒಂದೇ ಎಷ್ಟಂತ ಮನಿ ಹೊರ್ತದ?”

ಚಾಪೆಯ ಮೇಲೆ ಅಂಗಾತ ಮಲಗಿ, ಮೊಣಕಾಲು ಮಡಚಿ, ಉಸಿರು ಬಿಡುತ್ತ ಹೊಕ್ಕುಳನ್ನು ಒಳಗೆಳೆದುಕೊಂಡು ಸೊಂಟ ಎತ್ತಬೇಕು. ಮೊದಲ ದಿನ ಬೆರಳಿನಷ್ಟು ಎದ್ದಿತೋ ಇಲ್ಲವೋ! ಕೆಲವು ವಾರ ಕಳೆದ ಮೇಲೆ ಆಕಳಂತೆ ಕೈ, ಮೊಣಕಾಲು ಊರಿ ನಿಂತು ಬಲಗೈ, ಎಡಗಾಲು ಒಟ್ಟಿಗೆ ಚಾಚಲು ಕಲಿಸಿದರು. ನಾನು ಬೋರಲು ಬಿದ್ದೆ. ಬೇಗಂ ನಕ್ಕರು. ಬಾಗಿಲಲ್ಲಿ ಕಾವಲಿದ್ದ ಅತ್ತೆಯೂ ನಕ್ಕುಬಿಟ್ಟರು. ಅವರು ಹಾಗೆ ನಕ್ಕಿದ್ದನ್ನು ನಾನು ಈ ಮನೆಗೆ ಬಂದ ಮೇಲೆ ನೋಡಿರಲಿಲ್ಲ.

ಸ್ವಲ್ಪ ಹಗುರಾಯಿತು ಎನ್ನುವಷ್ಟರಲ್ಲಿ ನಾನು ಉಮೇದಿನಿಂದ ಹಂಡೆ ಎತ್ತಲು ಹೋಗಿ ಮತ್ತೆ ನೆಲ ಹಿಡಿದೆ. ಇನ್ನು ಈ ಕಸರತ್ತೇ ಬೇಡ ಎಂದು ಅಳತೊಡಗಿದೆ. ಬೇಗಂ ಸಿಟ್ಟಾಗಲಿಲ್ಲ. “ಹಠಾನೂ ಬ್ಯಾಡ, ಬಿಡೋದೂ ಬ್ಯಾಡ. ನೋವಾಗದಷ್ಟೇ ಮಾಡು,” ಎಂದರು. ಅತ್ತೆ ಸೆರಗು ಸಿಕ್ಕಿಸಿಕೊಂಡು ನನ್ನ ಪಕ್ಕದಲ್ಲೇ ಚಾಪೆ ಹಾಸಿ ಮಲಗಿದರು. “ಏಳs ರುಕ್ಮಿಣಿ, ನಾನೂ ಮಾಡ್ತೇನಿ. ಯಾರದು ಮ್ಯಾಲ ಏಳ್ತದ ನೋಡೋಣು!” ಅವರದೇ ಮೇಲೆದ್ದಿತು ಅವ್ವಾ! ಅಷ್ಟರಲ್ಲಿ ನಿನ್ನ ಅಳಿಯ ಒಳಗೆ ಬಂದವರು ನಮ್ಮಿಬ್ಬರನ್ನೂ ನೋಡಿ ಬಂದ ಹಾಗೇ ಹೊರಗೆ ಹೋದರು. ಅಳುತ್ತಿದ್ದ ನಾನು ನಗು ತಡೆಯಲಾರದೆ ಹೋದೆ.

ಈ ದೀಪಾವಳಿಗೆ ಬೇಗಂ ಅಪ್ಪಣೆ ಕೊಟ್ಟರು. ಸೊಂಟ ಬಗ್ಗಿಸದೆ ಕುಕ್ಕರಗಾಲಲ್ಲಿ ಕುಳಿತು, ಕಸ್ತೂರಿಯನ್ನು ಎದೆಗೆ ಒತ್ತಿಕೊಂಡು, ಕಾಲಿನ ಬಲದಿಂದ ಎದ್ದೆ. ನೋವಿಲ್ಲ! ಅಷ್ಟು ಎತ್ತರದಿಂದ ನನ್ನ ಮುಖ ನೋಡಿ ಅದಕ್ಕೆ ಬೆರಗು. ಮೂಗುಬೊಟ್ಟು ಹಿಡಿದು ಎಳೆಯಿತು. ಎಳೆಯಲಿ ಎಂದು ಬಿಟ್ಟೆ. ಅಂಗಳದಲ್ಲೆಲ್ಲ ಅದನ್ನು ಸೊಂಟದ ಮೇಲೆ ಕೂಡ್ರಿಸಿಕೊಂಡು ತಿರುಗಿದೆ.

ಚಳಿ ಕಳೆದ ಮೇಲೆ ನಾನು, ಕಸ್ತೂರಿ ಇಬ್ಬರೂ ಭಾಲ್ಕಿಗೆ ಬರುತ್ತೇವೆ. ನಿನ್ನ ಮೊಣಕಾಲು ಜೋಪಾನ.

ನಿನ್ನ ಮಗಳು,
ರುಕ್ಮಿಣಿ

ತಾ.ಕ.: ನಿನಗೆ ಬರೆಯದ ಮಾತು ಇನ್ನೊಂದಿದೆ. ಕಸ್ತೂರಿಯನ್ನು ಔರಾದದಲ್ಲಿರುವ ನನ್ನ ನಾದಿನಿ ಲಲಿತಾಬಾಯಿ ಅಕ್ಕನಿಗೆ ಸಾಕಲು ಕೊಡೋಣವೇ ಎಂದು ಅತ್ತೆ ಕೇಳಿದ್ದರು. ಅಕ್ಕನಿಗೆ ಮಕ್ಕಳಿಲ್ಲ, ನನಗೆ ಎತ್ತಲು ಬಲವಿಲ್ಲ. ನಾನು ಹೂಂ ಎಂದುಬಿಟ್ಟಿದ್ದೆ. ಮರುದಿನವೇ ಅತ್ತೆ ಬೇಗಂ ಅವರ ಮನೆಗೆ ಹೋದದ್ದು. ಯಾಕೆ ಎಂದು ಇವತ್ತು ಕೇಳಿದೆ. “ನೀ ಹೂಂ ಅಂದಾಗ ನಿನ್ನ ಮಾರಿ ನೋಡಿದ್ನೆವ್ವ,” ಎಂದರು. ನಿನ್ನೆ ಅಕ್ಕ ಬಂಡಿಯಲ್ಲಿ ಬಂದಿಳಿದಾಗ ಕೂಸನ್ನು ಎತ್ತಿಕೊಂಡೇ ಎದುರಿಗೆ ಹೋದೆ. ಅವರು ಕೈಯಲ್ಲಿದ್ದ ಗಂಟು ಬಿಚ್ಚಿದರು. ಆಮೇಲೆ ತಾವು ತಂದ ಕಾಲ್ಗೆಜ್ಜೆಯನ್ನು, ಕೂಸು ನನ್ನ ಸೊಂಟದ ಮೇಲಿದ್ದಂತೆಯೇ, ಅದರ ಕಾಲಿಗೆ ತೊಡಿಸಿದರು. ನಾಲ್ಕು ದಿನ ಇದ್ದು ಹೋಗುತ್ತಾರಂತೆ. ಕಸ್ತೂರಿ ಈಗ ಅವರ ತೊಡೆಯ ಮೇಲೆ ಮಲಗಿದೆ.