ಆತು

ಅಪ್ಪ,

ಇವತ್ತು ಬೆಳಿಗ್ಗೆ ಭಟ್ಕಳ ಬಂದರಿನಲ್ಲಿ ಜಟ್ಟಪ್ಪಣ್ಣನ ಬೋಟು ಸ್ಟಾರ್ಟ್ ಆಗಲಿಲ್ಲ. ಡೀಸೆಲ್ ಪೈಪಿನಲ್ಲಿ ಗಾಳಿ ಹಿಡಿದಿತ್ತು. ನಟ್ ಸಡಿಲಿಸಿ ಗಾಳಿ ತೆಗೆದು ಮತ್ತೆ ಬಿಗಿದೆ. ಎಂಜಿನ್ ಒಂದೇ ಸಲಕ್ಕೆ ಶುರುವಾಯಿತು.

"ಆತಾ ಮಗಾ?" ಎಂದ ಜಟ್ಟಪ್ಪಣ್ಣ.

ನನ್ನ ಉತ್ತರ ನಿನಗೆ ಗೊತ್ತು. ಆರು ವರ್ಷ ನಿನ್ನ ಜೊತೆ ಸ್ಪಾನರ್ ಹಿಡಿದರೂ "ಆಗಿರ್ಬೌದು, ಅಪ್ಪ ಒಂದ್ಸಲ ನೋಡ್ಲಿ" ಎನ್ನುತ್ತಿದ್ದೆ. ನಾನು ಮೆಕ್ಯಾನಿಕ್ಕೇ ಅಲ್ಲ, ಮೆಕ್ಯಾನಿಕ್ಕಿನ ಮಗಳು ಅಷ್ಟೇ ಎಂದು ಇವತ್ತಲ್ಲ ನಾಳೆ ಎಲ್ಲರಿಗೂ ಗೊತ್ತಾಗಿಬಿಡುತ್ತದೆ ಎಂಬ ಹೆದರಿಕೆ. ನೀನು ಮಂಡಿನೋವಿನಲ್ಲೂ ಬಂದರಿನ ಮೆಟ್ಟಿಲಿಳಿದು ಬಂದು, ಎಂಜಿನ್ನಿಗೆ ಕಿವಿಗೊಟ್ಟು, "ಆತು" ಎಂದು ಕೈ ಒರೆಸಿಕೊಳ್ಳುತ್ತಿದ್ದೆ. ಕೊನೆಯ ಸಲ ಬಂದಾಗ ನಿನಗೆ ಜ್ವರವಿತ್ತು.

ನೀನು ಹೋದ ಮೇಲೂ ನಾನು "ಆಗಿರ್ಬೌದು, ಬೇರೆಯವ್ರಿಗೂ ತೋರ್ಸಿ" ಎನ್ನುತ್ತಲೇ ಇದ್ದೆ. ಇವತ್ತೂ ಅದನ್ನೇ ಹೇಳಲು ಬಾಯಿ ತೆರೆದೆ. ಆಗ ಹೊಳೆಯಿತು: ನಾನು ಬಿಗಿದ ನಟ್ ಒಂದನ್ನೂ ನೀನು ಯಾವತ್ತೂ ಮುಟ್ಟಿರಲಿಲ್ಲ.

"ಆತು, ಹೊರಡಿ" ಎಂದೆ.

"ಮತ್ಯಾರಿಗೂ ತೋರ್ಸೂದು ಬ್ಯಾಡ್ವಾ?"

"ಎಂತಕ್ಕೆ?"

ಜಟ್ಟಪ್ಪಣ್ಣ ನಕ್ಕು ಬೋಟು ತಿರುಗಿಸಿದ. ಅದು ಅಳಿವೆ ದಾಟುವವರೆಗೆ ಸದ್ದು ಕೇಳುತ್ತ ನಿಂತೆ. ಲಯ ಎಲ್ಲೂ ತಪ್ಪಲಿಲ್ಲ.

ಕೈ ಒರೆಸಿಕೊಂಡು ಮೆಟ್ಟಿಲ ಕಡೆ ನೋಡಿದೆ. ಆ ಜ್ವರದ ದಿನವೂ ಎಂಜಿನ್ ಸರಿಯಾಗಿಯೇ ಇತ್ತು, ಅಪ್ಪ.