ಮಗಳಿಗೂ ಹೇಳದ ಗಂಜಿ

ನಡುಬೇಸಿಗೆ ತಿಂಗಳ ಮೂವತ್ತೇಳನೇ ತಾರೀಖು, ೨೧೬೪
ಬನಹಟ್ಟಿ, ನೂಲಿನ ಓಣಿ

ಈ ಮನೆಯ ಹಿರಿಯತ್ತೆ ಶಂಕ್ರವ್ವನಿಗೆ, ಆರು ತಲೆಮಾರಿನ ಆಚೆಯ ಸೊಸೆ ದಾನವ್ವನ ಶರಣು.

ತಾರೀಖು ನೋಡಿ ಹುಬ್ಬು ಏರಿಸಬೇಡ. ಬೇಸಿಗೆ ಉದ್ದವಾದ ಮೇಲೆ ತಿಂಗಳುಗಳೂ ಉದ್ದವಾದವು. ನಾನು ನಾಲ್ಕನೇ ಇಯತ್ತೆ ಓದಿದವಳು. ನನ್ನ ಮಾತು ಸೊಟ್ಟ ಕಂಡರೆ ನೆಟ್ಟಗೆ ಮಾಡಿಕೊಂಡು ಓದು. ಇದು ಹಿಂದಂಚೆಯಲ್ಲಿ ಬರುತ್ತಿದೆ, ಅಂದರೆ ಆಗಿಹೋದ ಕಾಲಕ್ಕೆ ಹೋಗುವ ಟಪಾಲು. ಮನೆಗೆ ಒಂದೇ ಹಾಳೆ ಕೊಡುತ್ತಾರೆ. ಅದಕ್ಕೇ ಕುಶಲ ಕೇಳುತ್ತ ಕೂಡುವುದಿಲ್ಲ.

ಇಲ್ಲಿ ಹತ್ತಿ ಬೆಳೆಯುವುದು ನಿಂತು ಕಾಲವಾಯಿತು. ಹುಟ್ಟಿದ ಕೂಸಿಗೂ ಪಾಲಿಯೆಸ್ಟರೇ. ಈ ಬಿಸಿಲಿನಲ್ಲಿ ಅದನ್ನು ಹಾಗೇ ತೊಡಿಸಿದರೆ ಬೆವರು ಒಳಗೇ ಕುದ್ದು ಮೈಯೆಲ್ಲ ಬೊಬ್ಬೆ, ಕೂಸು ಉಳಿಯುವುದಿಲ್ಲ. ನಮ್ಮ ಓಣಿ ಬದುಕಿರುವುದು ನೀನು ಹುಡುಕಿದ ಗಂಜಿಯಿಂದ. ನೂಲನ್ನು ಸುಣ್ಣ-ಸೋಡಾದ ನೀರಿನಲ್ಲಿ ಕುದಿಸಿ, ಹುಣಸೆಬೀಜದ ಗಂಜಿ ಕುಡಿಸಿ, ಹಬೆಗೆ ಇಟ್ಟರೆ ಪ್ಲಾಸ್ಟಿಕ್ಕಿನ ಎಳೆಯೂ ಬೆವರು ಹೀರುತ್ತದೆ. ಇದಕ್ಕೆ ಹೀರುಬಟ್ಟೆ ಅನ್ನುತ್ತೇವೆ. ಬೆಳಗಾದರೆ ನಮ್ಮ ಮನೆಯ ಹಂಡೆಗಳಿಂದ ಓಣಿ ತುಂಬ ಹಬೆ, ಬೀಜ ಹುರಿದ ವಾಸನೆ.

ಈಗ ಒಂದು ಕಂಪನಿ ಈ ಗಂಜಿ ತನ್ನದೆಂದು ಪೇಟೆಂಟ್ ಕೇಳಿದೆ. ಸಿಕ್ಕರೆ ನಮ್ಮ ಹಂಡೆಗಳಿಗೆ ಸೀಲು. ಮೊದಲೇ ಹತ್ತು ಜನಕ್ಕೆ ಗೊತ್ತಿದ್ದದ್ದನ್ನು ಯಾರೂ ತಮ್ಮದೆನ್ನುವಂತಿಲ್ಲ. ಗುಟ್ಟಾಗಿದ್ದದ್ದು ಮೊದಲು ಪೇಟೆಂಟ್ ಕೇಳಿದವರ ಪಾಲು. ಹಕ್ಕುಕಟ್ಟೆಯಲ್ಲಿ, ಅಂದರೆ ಇಂಥ ತಂಟೆ ತೀರಿಸುವ ಕೋರ್ಟಿನಲ್ಲಿ, ಮನೆಯ ಹೊರಗೆ ಇದು ಯಾರಿಗೆ ಗೊತ್ತಿತ್ತು ಅಂತ ಕೇಳಿದರು. ನನ್ನ ನೆಗೆಣ್ಣಿ, ಮೈದುನನ ಹೆಂಡತಿ ತಿಪ್ಪವ್ವ ಎದೆ ಸೆಟೆಸಿ ನಿಂತು, “ಹೆತ್ತ ಮಗಳಿಗೂ ಹೇಳಿಲ್ಲರೀ. ಸೊಸೆಯಂದಿರಿಗಷ್ಟೇ. ನಮ್ಮದು ಅಂಥಾ ಮನಿ” ಅಂದಳು. ಕಂಪನಿಯ ವಕೀಲ ಮುಂದೇನೂ ಕೇಳದೆ ಕುಳಿತುಬಿಟ್ಟ. ನಮ್ಮ ವಕೀಲಮ್ಮ ಹಣೆ ಹಿಡಿದುಕೊಂಡಳು. ತಿಪ್ಪವ್ವ ಮಾತ್ರ ತಾನೇ ಗೆದ್ದೆ ಅಂತ ನನ್ನ ಕಡೆ ನೋಡಿ ನಕ್ಕಳು, ಮಂಕು.

ಅವಳನ್ನು ಬೈದು ಏನು ಮಾಡಲಿ? ಮಗಳಿಗೆ ಕಲಿಸಿದರೆ ವಿದ್ಯೆ ಬೀಗರ ಮನೆ ಸೇರುತ್ತದೆ ಅಂತ ಎಲ್ಲರ ಬಾಯಿ ಹೊಲಿದವಳು ನೀನು, ತಾಯಿ. ನಿನ್ನ ಕಾಲಿಗೆ ಬೀಳುತ್ತೇನೆ, ಬಿದ್ದುಕೊಂಡೇ ಹೇಳುತ್ತೇನೆ: ಈ ಕಾಗದ ಕೈಗೆ ಬಂದ ದಿನವೇ ಗುಟ್ಟು ಕೆಡಿಸು. ಮಗಳಿಗೆ ಹೇಳು. ನಳದ ಸಾಲಿನಲ್ಲಿ ಹೇಳು. ಪೇಪರಿನವರನ್ನು ಕರೆಸಿ ತಾರೀಖಿನ ಸಮೇತ ಅಚ್ಚು ಹಾಕಿಸು. ಎಲ್ಲಕ್ಕಿಂತ ಮೊದಲು ಎದುರುಮನೆಯ ರುದ್ರವ್ವನಿಗೆ ಹೇಳು. ಅವಳಿಗೊಂದು ಮಾತು ಸಿಕ್ಕರೆ ಸಂಜೆಯೊಳಗೆ ರಬಕವಿ ದಾಟುತ್ತಿತ್ತು ಅಂತ ಈ ಮನೆಯಲ್ಲಿ ಇನ್ನೂ ಬೈಯುತ್ತಾರೆ. ನಮಗೆ ಬೇಕಾಗಿರುವುದು ಆ ಬಾಯಿಯೇ.

ನಾಡಿದ್ದು ಬೆಳಿಗ್ಗೆ ಕಟ್ಟೆ ಮತ್ತೆ ಕೂಡುತ್ತದೆ. ಅಷ್ಟರೊಳಗೆ ರುದ್ರವ್ವ ಮಾತಾಡಿರಬೇಕು.