ಅಕ್ಕ ಹೇಳಿದ ಅರ್ಥ

ಅಕ್ಕಾ,

ನೀನು ಹೋದ ಮೇಲೆ ಇಂಗ್ಲಿಷ್ ತರಗತಿಗೆ ಸೇರಿದ್ದೇನೆ. ಸಣ್ಣ ಕಥೆ ಓದಿಸಿ ಪದ ಕಲಿಸುತ್ತಾರೆ. ಇವತ್ತಿನ ಕಥೆಯಲ್ಲಿ ಟೀಚರ್ ‘ಪ್ಯಾಲಿಯೇಟಿವ್’ ಎಂದು ಓದಿದ ಕೂಡಲೇ ಗುರುತು ಹತ್ತಿತು. ಆಸ್ಪತ್ರೆಯಲ್ಲಿ ಡಾಕ್ಟರು ನಮ್ಮಿಬ್ಬರ ಮುಂದೆ ಹೇಳಿದ್ದ ಪದ. “ಏನಂದ್ರು ಅಕ್ಕ?” ಎಂದು ಅವತ್ತು ನಾನು ಕೇಳಿದಾಗ ನೀನು ಮಂಚದ ಮೇಲಿಂದಲೇ ನಕ್ಕು, “ಬೇರೆ ವಾರ್ಡಿಗೆ ಹಾಕ್ತಾರಂತೆ ಕಣೇ. ಇನ್ಮೇಲೆ ನೋವಿರಲ್ವಂತೆ,” ಎಂದಿದ್ದೆ.

ಟೀಚರ್ ಅರ್ಥ ಬಿಡಿಸಿದರು: “ವಾಸಿಯಾಗಲ್ಲ ಅಂತ ಗೊತ್ತಾದ್ಮೇಲೆ ನೋವು ಮಾತ್ರ ಕಡಿಮೆ ಮಾಡೋ ಆರೈಕೆ.”

ಪುಸ್ತಕದ ಅಂಚಿನಲ್ಲಿ ಆ ಅರ್ಥವನ್ನು ಬರೆದುಕೊಂಡೆ. ನಿನಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತಲ್ಲ, ಅಕ್ಕಾ.

ಅಂದು ನೀನು ವಾಸಿಯಾಗಿ ಮನೆಗೆ ಬರುತ್ತೀಯೆಂದು ಖುಷಿ ತಡೆಯಲಾರದೆ ಮನೆಗೆ ಓಡಿ, ನಿನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿ, ಆಸ್ಪತ್ರೆಗೆ ಬಂದು ನಿನಗೆ ಹೇಳಿದೆ. “ಇಬ್ಬನಿ ಬೀಳೋಕ್ ಮುಂಚೆ ಒಳಗಿಡು, ಮರೀಬೇಡ,” ಎಂದೆ ನೀನು.